ಕೊಳಲನ್ನು ಶಿಳ್ಳೆ ಎಂದುಕೊಂಡ ಯಂತ್ರ

ಕ್ರೈಸ್ಟ್‌ಚರ್ಚ್‌ನಲ್ಲಿ ಕಿವಿ ಪರೀಕ್ಷಿಸಿ ಶ್ರವಣಯಂತ್ರ ಹಾಕಿಕೊಡುವುದು ನನ್ನ ಕೆಲಸ. ಅದನ್ನು ಕಲಿತದ್ದು ಮೈಸೂರಿನಲ್ಲಿ. ಸಂಗೀತವನ್ನೂ ಅಲ್ಲೇ ಅರ್ಧಂಬರ್ಧ ಕಲಿತೆ. ಹಾಗಾಗಿ ಶ್ರುತಿಯ ವಿಷಯ ಬಂದರೆ ನನಗೆ ಸ್ವಲ್ಪ ಕೊಬ್ಬು.

ಹೋದ ಚಳಿಗಾಲದಲ್ಲಿ ಚೀನೀ ಅಜ್ಜ ಒಬ್ಬರು ಮಗಳ ಜೊತೆ ಬಂದರು. ಕಿವಿಯಲ್ಲಿ ನಾನು ಕೊಟ್ಟ ಯಂತ್ರ, ಕೈಯಲ್ಲಿ ಬಿದಿರಿನ ಕೊಳಲು. ಅವರ ಮಾತನ್ನು ಮಗಳು ಇಂಗ್ಲಿಷಿನಲ್ಲಿ ಹೇಳಿದಳು. "ಸ್ವರ ನಡುಗ್ತಿದೆಯಂತೆ. ಉಸಿರು ಹೋಯ್ತು, ಇನ್ನು ನುಡಿಸಲ್ಲ ಅಂತಾರೆ. ಭಾನುವಾರ ಪಾರ್ಕಲ್ಲಿ ಸೇರೋ ಗುಂಪಿಗೂ ಹೋಗ್ತಿಲ್ಲ." ತನ್ನ ಅಮ್ಮ ತೀರಿಕೊಂಡ ಮೇಲೆ ಅಪ್ಪನಿಗಿದ್ದದ್ದು ಅದೊಂದೇ ಎಂದಳು.

ನುಡಿಸಿ ಎಂದೆ. ಝುಯ್ಯೆಂದಿತು, ನಡುಕವೇನೂ ನನಗೆ ಕೇಳಲಿಲ್ಲ. ಊದುವ ತೂತಿಗೂ ಬೆರಳಿನ ತೂತುಗಳಿಗೂ ನಡುವೆ ಇನ್ನೊಂದು ತೂತು, ಅದರ ಮೇಲೆ ಈರುಳ್ಳಿಯ ಒಳಪೊರೆಯಂಥ ತೆಳು ಹಾಳೆ. ನಮ್ಮ ಕೊಳಲಿಗೆ ಈ ಉಪದ್ವ್ಯಾಪವಿಲ್ಲ. "ಈ ಪೊರೆಯಿಂದ ಶ್ರುತಿ ಏರ್ತಿದೆ, ದೋಷ ಇದರದ್ದೇ" ಎಂದು ತೀರ್ಪು ಕೊಟ್ಟೇಬಿಟ್ಟೆ. ಅಜ್ಜ ನನ್ನನ್ನು ಕನಿಕರದಿಂದ ನೋಡಿದರು.

ಫೋನಿನಲ್ಲಿ ಶ್ರುತಿ ನೋಡುವ ಆಪ್ ತೆರೆದೆ. ಅಜ್ಜ ಮತ್ತೆ ಊದಿದರು; ಮುಳ್ಳು ಸ್ವರದ ಗುರುತಿನಿಂದ ಅಲುಗಲಿಲ್ಲ. ಏರಿದ್ದು ಶ್ರುತಿಯಲ್ಲ, ನಾದದ ಹೊಳಪು. ಪೊರೆ ಕಂಪಿಸಿ, ಸ್ವರದ ಜೊತೆಗೇ ಹುಟ್ಟುವ ಮೇಲಿನ ಸಣ್ಣ ನಾದಗಳನ್ನು ಎಬ್ಬಿಸುತ್ತದೆ. ಕಿವಿ ಅದನ್ನೇ ಎತ್ತರ ಎಂದುಕೊಳ್ಳುತ್ತದೆ. ತಂಬೂರಿಯ ತಂತಿಯ ಕೆಳಗೆ ದಾರ ಸಿಕ್ಕಿಸಿ, ಆ ಝೇಂಕಾರಕ್ಕೆ ಜೀವ ಎಂದು ಹೆಸರಿಟ್ಟ ಜನ ನಾವು. ನಾಚಿಕೆಯಾಯಿತು.

ಹಾಗಾದರೆ ನಡುಕ ಎಲ್ಲಿಯದು? ಅವರ ಯಂತ್ರವನ್ನು ಯಂತ್ರದಿಂದ ಬರುವ ಸದ್ದನ್ನು ನಾನೇ ಕೇಳಿ ನೋಡುವ ನಳಿಗೆಗೆ ಸಿಕ್ಕಿಸಿಕೊಂಡು, ಇನ್ನೊಮ್ಮೆ ಊದಿ ಎಂದೆ. ಈಗ ನನಗೂ ಸ್ವರ ನಡುಗಿತು. ತನ್ನ ಸದ್ದೇ ಮರಳಿ ಒಳಹೊಕ್ಕು ಯಂತ್ರ ಕೀರಲು ಶಿಳ್ಳೆ ಹಾಕದಂತೆ ಅದರೊಳಗೇ ಒಂದು ಕಾವಲಿರುತ್ತದೆ. ಕೊಳಲಿನ ಉದ್ದನೆಯ ಸ್ವರವನ್ನೂ ಆ ಕಾವಲು ಶಿಳ್ಳೆಯೆಂದುಕೊಂಡು ಅಮುಕಲು ಹೋಗುತ್ತಿತ್ತು. ಅಜ್ಜನ ಉಸಿರಿಗೆ ಏನೂ ಆಗಿರಲಿಲ್ಲ.

ಸಂಗೀತಕ್ಕೆಂದೇ ಬೇರೆ ಹೊಂದಾಣಿಕೆ ಮಾಡಿ ಆ ಕಾವಲನ್ನು ತೆಗೆದೆ. ಅಜ್ಜ ಒಂದೇ ಸ್ವರವನ್ನು ಉಸಿರು ಮುಗಿಯುವ ತನಕ ಹಿಡಿದರು. ಆಮೇಲೆ ಮಗಳಿಗೆ ಮೆಲ್ಲಗೆ ಏನೋ ಹೇಳಿದರು. ಏನಂದ್ರು ಎಂದು ಅವಳನ್ನು ಕೇಳಿದೆ.

"ಇದಕ್ಕಿಂತ ಒಳ್ಳೆ ಕೊಳಲನ್ನ ಹೋದ ವಾರವಷ್ಟೇ ಗುಂಪಿನ ಹುಡುಗಿಯೊಬ್ಬಳಿಗೆ ಕೊಟ್ಟುಬಿಟ್ರು. ಅಮ್ಮ ಕೊಡಿಸಿದ್ದು."

"ವಾಪಸ್ ಕೇಳಿ. ಸಂಕೋಚ ಆದ್ರೆ ಭಾನುವಾರ ನಾನೇ ಬಂದು ಕೇಳ್ತೀನಿ" ಎಂದೆ.

ಮಗಳು ಅದನ್ನು ಹೇಳಿದಳು. ಅಜ್ಜ ಬೇಡವೆಂದು ತಲೆಯಾಡಿಸಿ, ನಗುತ್ತಲೇ ಉತ್ತರಿಸಿದರು.

"ಆ ಹುಡುಗಿ ಚೆನ್ನಾಗಿ ನುಡಿಸ್ತಾಳಂತೆ. ಭಾನುವಾರ ಅವಳ ಪಕ್ಕದಲ್ಲೇ ಕೂತ್ಕೋತೀನಿ, ಈಗ ಸರಿಯಾಗಿ ಕೇಳುತ್ತಲ್ಲ ಅಂತಿದಾರೆ."