ಒಂದು ಮಾತು ಹೇಳಿಡು ಅಂದಿದ್ದೆ

ಮೊಮ್ಮಗಳಿಗೆ ಹದಿನೇಳು ತುಂಬಿದ ವರ್ಷ, ಜರ್ಮನಿಯಲ್ಲಿ ನಾವಿರುವ ಊರಿನ ರಾಟ್‌ಹೌಸಿನಲ್ಲಿ, ಅಂದರೆ ನಗರಸಭೆಯ ಕಚೇರಿಯಲ್ಲಿ, ಅವಳಿಗೊಂದು ಟ್ರೈನೀ ಜಾಗ ಸಿಕ್ಕಿತು. ಹೈಸ್ಕೂಲಿನ ಕೊನೆಯ ತರಗತಿಗಳ ಮಕ್ಕಳಿಗೆಂದೇ ಇಟ್ಟಿದ್ದ ಜಾಗ. ವಾರಕ್ಕೆ ಎರಡು ಮಧ್ಯಾಹ್ನ, ಶಾಲೆ ಬಿಟ್ಟ ಮೇಲೆ ಕೆಲಸ, ಸಂಬಳವೂ ಉಂಟು. ಅರ್ಜಿಯನ್ನು ಅವಳೇ ಬರೆದಳು, ಸಂದರ್ಶನಕ್ಕೆ ಒಬ್ಬಳೇ ಹೋದಳು. ಯಾಕೆ ಈ ಕೆಲಸ ಬೇಕು ಎಂದು ಕೇಳಿದರಂತೆ. "ಅಪ್ಪ ಅಮ್ಮ ಈ ಕೌಂಟರಿನ ಮುಂದೆ ನಿಂತದ್ದನ್ನು ಚಿಕ್ಕವಳಿಂದ ನೋಡಿದ್ದೇನೆ, ಇದರ ಆಚೆ ಕಡೆ ಏನಿದೆ ಅಂತ ನೋಡಬೇಕು" ಎಂದಳಂತೆ. ಶಾಲೆ ಮುಗಿದ ಮೇಲೆ ಆಡಳಿತವನ್ನೇ ಓದುವ ಆಸೆ ಅವಳಿಗೆ. ಕಚೇರಿಯ ಮೇಲಧಿಕಾರಿ ಬರೆದುಕೊಡುವ ಸರ್ಟಿಫಿಕೇಟು ಆ ಕಾಲೇಜಿನ ಅರ್ಜಿಗೆ ಬಹಳ ಮುಖ್ಯವಾಗಿತ್ತು.

ಇಷ್ಟನ್ನೂ ಅವಳೇ ನನಗೆ ಬಿಡಿಸಿ ಹೇಳಿದ್ದಳು. ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ.

ನನಗೆ ಹಿಡಿಸಲಾರದಷ್ಟು ಹೆಮ್ಮೆ. ಮೈಸೂರಿನ ಗೆಳತಿಯರಿಗೆಲ್ಲ ಫೋನು ಮಾಡಿ, "ಗ್ರ್ಯಾಂಡ್‌ಡಾಟರ್ ಗೌರ್ನಮೆಂಟ್ ಸರ್ವೀಸಿಗೆ ಸೇರಿದ್ಲು ಕಣೇ" ಎಂದೆ. ಟ್ರೈನೀ ಎನ್ನುವ ಪದವನ್ನು ನುಂಗಿಕೊಂಡೆ. ಇಲ್ಲಿಯ ಕನ್ನಡದವರು ತಿಂಗಳಿಗೊಮ್ಮೆ ಚರ್ಚಿನ ಹಾಲ್ ಬಾಡಿಗೆಗೆ ಹಿಡಿದು ಒಟ್ಟಿಗೆ ಊಟ ಮಾಡುತ್ತೇವೆ. ಅಲ್ಲಿಯೂ ಅದನ್ನೇ ಹೇಳಿಕೊಂಡು ತಿರುಗಿದೆ.

ಅಲ್ಲಿ ನನ್ನ ಪಕ್ಕ ಬಂದು ಕೂತವಳು ಹುಬ್ಬಳ್ಳಿ ಕಡೆಯ ಹುಡುಗಿ. ಗಂಡ ಸಿಂಡೆಲ್‌ಫಿಂಗೆನ್ನಿನ ಕಾರ್ ಕಾರ್ಖಾನೆಯಲ್ಲಿ ಎಂಜಿನಿಯರ್.

"ಆಂಟಿ, ನಿಮ್ಮ ಮೊಮ್ಮಗಳು ವೀಸಾ ಪರ್ಮಿಟ್ ಕೊಡೂ ಆಫೀಸ್‌ನ್ಯಾಗ ಅದಾಳಂತಲ್ರೀ?"

"ಹೌದಮ್ಮ, ಕೌಂಟರಲ್ಲೇ ಕೂರ್ತಾಳೆ."

"ನನ್ನ ಪರ್ಮಿಟ್ ಕಾರ್ಡ್ ಮುಗದು ಎರಡು ತಿಂಗಳಾತ್ರಿ. ಈಮೇಲ್ ಹಾಕಿ ಹಾಕಿ ಸಾಕಾತು, ಟರ್ಮೀನ್ ಕೊಡವಲ್ರು. ಊರಾಗ ತಂಗಿ ಮದಿವಿ ಐತ್ರಿ. ಕಾರ್ಡ್ ಇಲ್ದ ಹೋದ್ರ ವಾಪಸ್ ಒಳಗ ಬಿಡಂಗಿಲ್ಲಂತ."

ಟರ್ಮೀನ್ ಎಂದರೆ ಅಪಾಯಿಂಟ್‌ಮೆಂಟ್. ಈ ದೇಶದಲ್ಲಿ ಅದಿಲ್ಲದೆ ಯಾವ ಬಾಗಿಲೂ ತೆರೆಯುವುದಿಲ್ಲ.

"ಅಷ್ಟೇ ತಾನೆ? ನಾನು ಹೇಳ್ತೀನಿ ಬಿಡು" ಎಂದೆ. ಎದುರಿಗೆ ಕೂತಿದ್ದ ಬೆಂಗಳೂರಿನಾಕೆ, "ಹುಡುಗಿ ಆಫೀಸರ್ ಆಗೋಕ್ಕೆ ಮುಂಚೆ ಅಜ್ಜಿ ಪಿ.ಎ. ಆಗ್ಬಿಟ್ರು" ಎಂದು ನಕ್ಕಳು. ನಾನೂ ನಕ್ಕೆ. ಹೊರಡುವಾಗ ಆ ಹುಡುಗಿ ತಾನು ಮಾಡಿ ತಂದಿದ್ದ ಹೋಳಿಗೆಯಲ್ಲಿ ಎರಡನ್ನು ಫಾಯಿಲ್‌ನಲ್ಲಿ ಸುತ್ತಿ ನನ್ನ ಬ್ಯಾಗಿಗೆ ಹಾಕಿದಳು.

ಮನೆಗೆ ಬಂದು ಅವಳ ಹೆಸರನ್ನು ಚೀಟಿಯಲ್ಲಿ ಬರೆದು ಮೊಮ್ಮಗಳ ಕೈಗೆ ಕೊಟ್ಟೆ.

"ಪುಟ್ಟಿ, ನಿಮ್ಮ ಮೇಡಂಗೆ ಇವಳ ವಿಷಯ ಒಂದು ಮಾತು ಹೇಳಿಡು."

"ಏನಂತ ಹೇಳ್ಲಿ?"

"ಏನಂತ ಅಂದ್ರೆ? ಒಂದು ಮಾತು ಹೇಳಮ್ಮ, ಸಾಕು. ಅವರಿಗೇ ಅರ್ಥ ಆಗುತ್ತೆ."

"ಓಕೆ" ಎಂದು ಚೀಟಿಯನ್ನು ಫೋನಿನ ಕವರಿನೊಳಗೆ ಸಿಕ್ಕಿಸಿಕೊಂಡಳು. ಇಲ್ಲೇ ಹುಟ್ಟಿ ಬೆಳೆದ ಮಗು. ಮನೆಯಲ್ಲಿ ಕೇಳಿದ ಕನ್ನಡವಷ್ಟೇ ಅವಳ ಕನ್ನಡ. ಒಂದು ಮಾತು ಎಂದರೆ ಅವಳಿಗೆ ಒಂದು ಮಾತು, ಹೇಳು ಎಂದರೆ ಹೇಳು. ನಡುವೆ ನಾನು ಮಡಿಸಿಟ್ಟದ್ದು ಅವಳಿಗೆ ಕಾಣಲೇ ಇಲ್ಲ.

ಗುರುವಾರ ಅವಳು ಹೇಳಿಬಿಟ್ಟಳು. ಕೌಂಟರಿನ ಹೊತ್ತಿನಲ್ಲಿ, ಎಲ್ಲರ ಎದುರಿಗೆ, ಚೀಟಿಯನ್ನು ಮುಂದೆ ಹಿಡಿದು: "ಈ ಹೆಸರನ್ನು ನಿಮಗೆ ಹೇಳಬೇಕಂತೆ, ನಮ್ಮಜ್ಜಿ ಹೇಳಿದ್ದಾರೆ. ನಿಮಗೆ ಅರ್ಥವಾಗುತ್ತದಂತೆ."

ಮೇಲಧಿಕಾರಿ, "ಏನು ಅರ್ಥವಾಗಬೇಕು?" ಎಂದರಂತೆ. "ಗೊತ್ತಿಲ್ಲ" ಎಂದಳಂತೆ ಇವಳು. ಪಕ್ಕದ ಇಬ್ಬರು ನಕ್ಕರು, ಆಕೆ ನಗಲಿಲ್ಲ. ಒಳಗಿನ ಕೋಣೆಗೆ ಕರೆದುಕೊಂಡು ಹೋಗಿ, ಆ ಹೆಂಗಸು ನಿನ್ನ ಅಜ್ಜಿಗೆ ಏನಾದರೂ ಕೊಟ್ಟಿದ್ದಾರೆಯೇ ಎಂದು ಕೇಳಿದರು. ಇವಳು ನೆನಪಿಸಿಕೊಂಡು, ಕೊಟ್ಟಿದ್ದಾರೆ, ಎರಡು ಹೋಳಿಗೆ ಎಂದಳು. ಅದನ್ನೂ ಬರೆದುಕೊಂಡರಂತೆ. ಜರ್ಮನ್ ಅಕ್ಷರದಲ್ಲಿ ಹೋಳಿಗೆಯ ಸ್ಪೆಲಿಂಗ್ ಏನೆಂದು ಕೇಳಿ.

ಆ ಸಂಜೆ ಅವಳು ಅಳಲಿಲ್ಲ. ಜಾಕೆಟ್ಟನ್ನೂ ತೆಗೆಯದೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಕೇಳಿದಳು.

"ಅಜ್ಜಿ, ಒಂದು ಮಾತು ಹೇಳಿಡು ಅಂದ್ರೆ ನಿಜವಾಗಿ ಏನು?"

ಕನ್ನಡದಲ್ಲಿ ಹೇಳಲು ಬಾಯಿ ಬರಲಿಲ್ಲ. ಇಂಗ್ಲಿಷಿಗೆ ಓಡಿದೆ. "ಟು ಪುಟ್ ಇನ್ ಎ ವರ್ಡ್" ಎಂದೆ. ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ ಇಂಗ್ಲಿಷು. ಅದರಲ್ಲಿ ಹೇಳಿದರೆ ಎಂಥ ಮಾತಿಗೂ ಇಸ್ತ್ರಿ ಹಾಕಿದಂತಾಗುತ್ತದೆ.

"ಅಂದ್ರೆ ಅವರು ಬೇರೆಯವರಿಗಿಂತ ಮೊದ್ಲು ಹೋಗ್ಬೇಕು ಅಂತ?"

"ಹಾಗಲ್ಲ ಪುಟ್ಟಿ..."

"ಮತ್ತೆ ಹೇಗೆ?"

ನಾನು ಒಲೆಯ ಕಡೆ ತಿರುಗಿ ಸಾರಿನ ಉರಿ ತಗ್ಗಿಸಿದೆ.

"ಇವತ್ತು ನಂಬರ್ ಹಿಡ್ಕೊಂಡು ಹದಿನಾಲ್ಕು ಜನ ಕೂತಿದ್ರು ಅಜ್ಜಿ. ಅವರಿಗೆಲ್ಲ ಅಜ್ಜಿ ಇಲ್ವಾ?"

ಸಿಂಕಿನ ಹತ್ತಿರ ನಿಂತಿದ್ದ ನನ್ನ ಮಗಳು, ಪುಟ್ಟಿಯ ಅಮ್ಮ, ತಿರುಗದೆಯೇ ಹೇಳಿದಳು. "ನನ್ನ ಸ್ಕೂಲ್ ಸೀಟಿಗೂ ನೀನು ಮಾಡಿದ್ದು ಇದೇ ಅಲ್ವೇನಮ್ಮ."

ಹೌದು. ನಾನು ಓದಿದ ಕಾನ್ವೆಂಟಿನಲ್ಲೇ ಮಗಳೂ ಓದಲೆಂದು ಆಫೀಸಿನ ಗುಮಾಸ್ತರಿಗೆ ಪಕ್ಕದ ಮನೆಯವರಿಂದ ಒಂದು ಮಾತು ಹೇಳಿಸಿದ್ದೆ. ಆ ಸೀಟಿನ ಕತೆಯನ್ನು ಇಷ್ಟು ವರ್ಷ ನನ್ನ ಜಾಣತನವೆಂದೇ ನಗುತ್ತ ಹೇಳಿಕೊಂಡು ಬಂದವಳು ನಾನು. ಆ ವರ್ಷ ಸೀಟು ಸಿಗದೆ ಹಿಂದೆ ಹೋದ ಮಗು ಯಾರದೆಂದು ಒಮ್ಮೆಯೂ ಯೋಚಿಸಿದವಳಲ್ಲ.

ಕಚೇರಿಗೆ ನಾನೇ ಹೋಗಿ ಹೇಳುತ್ತೇನೆಂದೆ. "ದಯವಿಟ್ಟು ಬೇಡ" ಎಂದರು ತಾಯಿ ಮಗಳು ಇಬ್ಬರೂ. ಕೊನೆಗೆ ಪತ್ರ ಬರೆದೆ. ವಿಥ್ ಡ್ಯೂ ರೆಸ್ಪೆಕ್ಟ್‌ನಿಂದ ಶುರುವಾಗುವ ಪತ್ರ, ಓರೆ ಅಕ್ಷರದಲ್ಲಿ ಎರಡು ಪುಟ. ಅದನ್ನು ಜರ್ಮನ್ನಿಗೆ ತರಬೇಕಾದವಳು ಮೊಮ್ಮಗಳೇ. ಪೆನ್ಸಿಲ್ ಹಿಡಿದು ಓದುತ್ತಾ ಹೋದವಳು ಕೊನೆಯ ಸಾಲಿನ ಹತ್ತಿರ ನಿಂತಳು. ಹುಡುಗಿಯ ಭವಿಷ್ಯವನ್ನು ನೆನೆದು ದಯವಿಟ್ಟು ಸಹಾನುಭೂತಿ ತೋರಬೇಕು ಎಂದು ನಾನು ಬರೆದಿದ್ದ ಸಾಲು.

"ಅಜ್ಜಿ, ಇದೂ ಅದೇ ಅಲ್ವಾ?"

ಅದೇ. ಕ್ಷಮೆ ಕೇಳುವ ಪತ್ರದಲ್ಲೂ ಮತ್ತೊಮ್ಮೆ ಶಿಫಾರಸು ಮಾಡಿದ್ದೆ. ನನ್ನ ಕೈಗೆ ಬೇರೆ ಬರುವುದೇ ಇಲ್ಲವೇನೋ ಎನಿಸಿತು. ಎರಡು ಪುಟ ಹೊಡೆದುಹಾಕಿ ಮೂರು ವಾಕ್ಯ ಉಳಿಸಿದೆವು: "ಹೀಗೆ ಹೇಳೆಂದು ಅವಳನ್ನು ಕೇಳಿದ್ದು ನಾನು. ಅದರ ಅರ್ಥ ಅವಳಿಗೆ ಗೊತ್ತಿರಲಿಲ್ಲ. ತಪ್ಪು ನನ್ನದು."

ಅವಳನ್ನು ತೆಗೆಯಲಿಲ್ಲ. ಕೌಂಟರಿನಿಂದ ಮಾತ್ರ ಎತ್ತಿ, ಕೆಳಗಿನ ಅಂತಸ್ತಿನ ಹಳೆಯ ಫೈಲುಗಳ ಕೋಣೆಗೆ ಹಾಕಿದರು. ಜನರ ಜತೆ ಕೆಲಸ ಮಾಡಬೇಕೆಂದು ಸೇರಿದ್ದ ಹುಡುಗಿ ಕಿಟಕಿಯಿಲ್ಲದ ಕೋಣೆಯಲ್ಲಿ ಕಾಗದಗಳಿಂದ ಪಿನ್ನು ತೆಗೆದು ಸ್ಕ್ಯಾನ್ ಮಾಡುತ್ತ ಉಳಿದ ತಿಂಗಳುಗಳನ್ನು ಕಳೆದಳು. ಕೊನೆಗೆ ಬಂದ ಸರ್ಟಿಫಿಕೇಟಿನಲ್ಲಿ ಶಿಸ್ತು, ಅಚ್ಚುಕಟ್ಟುತನ ಎಲ್ಲ ಇತ್ತು. ಕೌಂಟರಿನ ಮಾತೇ ಇರಲಿಲ್ಲ. ಕಾಲೇಜಿನ ಅರ್ಜಿಗೆ ಅದನ್ನೇ ಲಗತ್ತಿಸಿ ಕಳಿಸಿದ್ದಾಳೆ. ಉತ್ತರ ಇನ್ನೂ ಬಂದಿಲ್ಲ.

ಅವಳು ಇನ್ನೂ ಫೈಲುಗಳ ಕೋಣೆಯಲ್ಲಿದ್ದ ದಿನಗಳಲ್ಲೇ ಹುಬ್ಬಳ್ಳಿಯ ಹುಡುಗಿಗೆ ತನ್ನ ಸರದಿಯಲ್ಲಿ ಟರ್ಮೀನ್ ಬಂತು, ಕಾರ್ಡೂ ಬಂತು. ತಂಗಿಯ ಮದುವೆ ಮುಗಿಸಿ ಬಂದವಳು ತಿಂಗಳ ಊಟದ ದಿನ ಹಾಲ್‌ನ ಬಾಗಿಲಲ್ಲೇ ನನ್ನ ಕೈ ಹಿಡಿದುಕೊಂಡಳು.

"ನಿಮ್ಮಿಂದ ಆತು ನೋಡ್ರೀ ಆಂಟಿ."

"ನಾನೇನೂ ಮಾಡಿಲ್ಲಮ್ಮ."

"ಮಾಡಿದವರು ಹಂಗ ಅನ್ನೂದ್ರೀ. ದೊಡ್ಡ ಮನಸು ನಿಮ್ದು."

ನಿಜವನ್ನೇ ಹೇಳಿದ್ದೆ. ನಮ್ಮ ಮಾತಿನಲ್ಲಿ ಅದು ವಿನಯವಾಗಿಬಿಟ್ಟಿತು. ಅಲ್ಲಿಗೇ ಬಿಟ್ಟಿದ್ದರೆ ನಡೆದುಹೋಗುತ್ತಿತ್ತು, ಬಿಡೋಣ ಎನ್ನಿಸಿದ್ದೂ ಸುಳ್ಳಲ್ಲ. ಪಕ್ಕದಲ್ಲಿ ಮೊಮ್ಮಗಳು ನಿಂತಿದ್ದಳು. ನನ್ನ ಮುಖವನ್ನೇ ನೋಡುತ್ತಿದ್ದಳು.

"ಇಲ್ಲಮ್ಮ, ಕೇಳು" ಎಂದೆ. ನಡೆದದ್ದನ್ನು ಮೊದಲಿಂದ ಹೇಳಿದೆ. ಚೀಟಿ, ಒಳಗಿನ ಕೋಣೆ, ಹೋಳಿಗೆ, ಫೈಲುಗಳ ಕೋಣೆ. ತಟ್ಟೆ ಹಿಡಿದು ನಿಂತಿದ್ದವರೆಲ್ಲ ಕೇಳಿಸಿಕೊಂಡರು. ಬೆಂಗಳೂರಿನಾಕೆ ಈ ಸಲ ತಮಾಷೆ ಮಾಡಲಿಲ್ಲ.

ಆ ಹುಡುಗಿಯ ಮುಖ ಬಾಡಿತು. ಮೊಮ್ಮಗಳ ಕಡೆ ತಿರುಗಿ, "ನನ್ನ ಸಂಬಂಧ ನಿನಗ ಇಷ್ಟು ತ್ರಾಸಾತೇನವಾ?" ಎಂದಳು.

"ಇಲ್ಲ ಆಂಟಿ" ಎಂದಳು ಮೊಮ್ಮಗಳು, ನಗುತ್ತ. "ಕೆಳಗಿನ ರೂಮ್ ನಾನೇ ಕೇಳಿದ್ದು. ಅಲ್ಲಿ ಕ್ವಯಟ್ ಆಗಿರುತ್ತೆ, ನಂಗೆ ಅದೇ ಇಷ್ಟ."

ಅಷ್ಟು ನಯವಾಗಿ, ಒಂದು ಕ್ಷಣವೂ ತಡವರಿಸದೆ. ಹುಡುಗಿ ನಂಬಿದಳು. ಮೊಮ್ಮಗಳು ಹೀಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಯಾರ ಹತ್ತಿರ ಕಲಿತಳೆಂದು ನಾನು ಯಾರನ್ನೂ ಕೇಳಬೇಕಾಗಿರಲಿಲ್ಲ.