ಏಳು ಬಣ್ಣದ ಡಬ್ಬಿ

ಗೇಮಿಂಗ್ ಕಂಪ್ಯೂಟರ್ ಕೊಳ್ಳಲು ಕಾಕಾನ ಜೊತೆ ಸಿಂದಗಿಯ ಅಂಗಡಿಗೆ ಹೋದೆ. ನನಗೆ ಅದರ ಗಂಧಗಾಳಿ ಇರಲಿಲ್ಲ. ಆಟ ಸರಾಗ ಓಡಲು ಗ್ರಾಫಿಕ್ಸ್ ಕಾರ್ಡ್ ಇರಬೇಕು ಎಂದಷ್ಟೇ ಕೇಳಿದ್ದೆ.

"ಒಳಗ ಕಾರ್ಡ್ ಐತೇನ್ರಿ?" ಎಂದೆ, ಅಂಗಡಿಯವ ಮುಂದಿಟ್ಟ ದೀಪ ಮಿನುಗುವ ಡಬ್ಬಿ ನೋಡಿ.

"ಮೊದ್ಲ ಲೈಟ್ ನೋಡ್ರಿ, ಏಳು ಬಣ್ಣ!" ಎಂದ ಅಂಗಡಿಯವ.

ಕಾಕಾ ತೊಗರಿ ವ್ಯಾಪಾರಿ. ಚೀಲದ ತಳಕ್ಕೆ ಕೈ ಹಾಕದೆ ಒಂದು ಕಾಳನ್ನೂ ಕೊಂಡವನಲ್ಲ. "ಬಿಚ್ಚಿ ತೋರಸ್ರಿ" ಎಂದು ಹಟ ಹಿಡಿದ.

ಅಂಗಡಿಯವ ಗೊಣಗುತ್ತ ಮುಚ್ಚಳ ತೆಗೆದ. ಥೂ! ಯಾವುದೋ ಕಚೇರಿಯ ಹಳೆಯ ಯಂತ್ರಕ್ಕೆ ಹೊಸ ಡಬ್ಬಿ ತೊಡಿಸಿದ್ದ. ಫ್ಯಾನಿನ ತುಂಬ ಜಿಗುಟು ಧೂಳು, ಅದರಲ್ಲೊಂದು ಸತ್ತ ಜಿರಲೆ. ಕಾರ್ಡ್ ಎಲ್ಲಿ ಎಂದರೆ ಖಾಲಿ ಜಾಗ ತೋರಿಸಿ, "ಆಮ್ಯಾಲ ಹಾಕಸ್ಕೋರಿ" ಎಂದ.

"ಮ್ಯಾಲ ಚಲೋ ಕಾಳು, ತಳದಾಗ ಹುಳ," ಎಂದ ಕಾಕಾ.

ಅಂಗಡಿಯವ ನಾಚಲಿಲ್ಲ. ಜಿರಲೆಯನ್ನು ಬೆರಳಿನಿಂದ ಚಿಮ್ಮಿಸಿ, ಮುಚ್ಚಳ ಹಾಕಿ, ಬಾಗಿಲಿಗೆ ಬಂದ ಮತ್ತೊಬ್ಬ ಗಿರಾಕಿಯನ್ನು ಕರೆದ: "ಬರ್ರಿ, ಹೊಸಾ ಮಾಲು ಬಂದೈತಿ!"