ದ್ಯಾವಮ್ಮನ ಮಾತು

ದ್ಯಾವಮ್ಮ ನೀರು ಕುಡಿಯಲು ಎದ್ದಳೆಂದರೆ ಹತ್ತಿ ಆರಿಸುತ್ತ ಕೂತ ಹೆಂಗಸರಿಗೆಲ್ಲ ಒಮ್ಮೆಗೇ ನೀರಡಿಕೆಯಾಗುತ್ತಿತ್ತು. ರಾಯಚೂರಿನ ಆ ಹತ್ತಿ ಗಿರಣಿಯಲ್ಲಿ ಮಾಲೀಕರ ಮಾತಿಗಿಂತ ಅವಳ ಮಾತೇ ಹೆಚ್ಚು ನಡೆಯುತ್ತಿತ್ತು. ಎಪ್ಪತ್ತರ ದಶಕದ ಕೊನೆಯಲ್ಲಿ ಮಾನ್ವಿಯಿಂದ ಬಂದು ಗಿರಣಿಯ ದವಾಖಾನೆಯಲ್ಲಿ ನರ್ಸಾಗಿ ಸೇರಿದ ನನಗೆ ಇದು ತಡವಾಗಿ ತಿಳಿಯಿತು.

ಆ ಧೂಳಿನಲ್ಲಿ ಕೆಮ್ಮದವರೇ ಇರಲಿಲ್ಲ. ದ್ಯಾವಮ್ಮನದು ಎಲ್ಲರಿಗಿಂತ ಕೆಟ್ಟ ಕೆಮ್ಮು. ವರ್ಷಕ್ಕೊಮ್ಮೆ ಎದೆ ಪರೀಕ್ಷೆಗೆ ಎಕ್ಸ್‌ರೇ ಗಾಡಿ ಬರುತ್ತಿತ್ತು, ಬಿಟ್ಟಿ. ಗಂಡಸರು ಹತ್ತುತ್ತಿದ್ದರು, ಹೆಂಗಸರು ಒಬ್ಬರೂ ಇಲ್ಲ. ಹೇಳಿ ಹೇಳಿ ಗಂಟಲು ಬತ್ತಿತು. ಈಗ ನೆನೆದರೂ ದಣಿವಾಗುತ್ತದೆ. ಕೊನೆಗೆ ದ್ಯಾವಮ್ಮನನ್ನೇ ಕೇಳಿದೆ.

"ತಾಳಿ ತಗದು ನಿಲ್ಲಬೇಕಂತಲ್ಲ ಯವ್ವಾ, ಯಾವಾಕಿ ತಗೀತಾಳ? ಮೊದಲು ಅದನ್ನ ಬಗೀಹರಿಸೂನು."

ಗಾಡಿ ಬಂದ ದಿನ ಅರಿಷಿಣದ ಕೊಂಬು ಕಟ್ಟಿದ ಹಳದಿ ದಾರಗಳನ್ನು ಸೆರಗಿನಲ್ಲಿ ತಂದಳು. ತಾಳಿ ತೆಗೆಯುವ ಮೊದಲು ಇದನ್ನು ಕಟ್ಟಿಕೊಂಡರೆ ಕೊರಳು ಬರಿದಾಗುವುದಿಲ್ಲ. ಆದರೆ ತಾನು ಕಟ್ಟದೆ ಗೆಳತಿ ತಾಯಮ್ಮನ ಮುಂದೆ ಸೆರಗು ಚಾಚಿದಳು. "ನಾ ಗಂಡ ಸತ್ತಾಕಿ. ನೀ ಕಟ್ಟು."

ತಾಯಮ್ಮ ಸಿಟ್ಟಾದಳು. "ಬಾಣಂತನಾ ಮಾಡಾಕ ನೀ ಬೇಕು, ಜಗಳಾ ಬಿಡಸಾಕ ನೀ ಬೇಕು, ಇದಕ್ಕಷ್ಟ ಬ್ಯಾಡೇನು? ಕಟ್ಟಬೇ!" ಎಂದು ತಾನೇ ಮೊದಲು ಕೊರಳು ಒಡ್ಡಿದಳು. ಆಮೇಲೆ ಎಲ್ಲರೂ ಒಡ್ಡಿದರು. ಮದುವೆ ಮನೆಯಲ್ಲಿ ಮೂಲೆಗೆ ನಿಲ್ಲುವ ದ್ಯಾವಮ್ಮ ಒಬ್ಬೊಬ್ಬರಿಗೂ ದಾರ ಕಟ್ಟಿದಳು. ನನಗೆ ಕಣ್ಣು ತುಂಬಿತು. ಅಂದು ಕ್ಷಯ ಪತ್ತೆಯಾದವರು ಮದ್ದು ನುಂಗಿ ಬದುಕಿಕೊಂಡರು.

ತೆಗೆಯಲು ಏನೂ ಇಲ್ಲದ ದ್ಯಾವಮ್ಮ ಮಾತ್ರ ಗಾಡಿ ಹತ್ತಲಿಲ್ಲ. "ಇವರದೆಲ್ಲ ಮುಗೀಲಿ ತಡೀವಾ" ಅಂದಳು. ಪ್ರತಿ ವರ್ಷವೂ ಅದೇ ಮಾತು. ನಾನು ಬೇಡಿಕೊಂಡೆ, ಬೈದೆ. ಉಳಿದವರಿಗೆ ಅವಳ ಮಾತು ಮೀರಿ ಅಭ್ಯಾಸವಿರಲಿಲ್ಲ.

ಎಂಬತ್ತರ ದಶಕದ ನಡುವೆ ಅವಳು ಕೆಲಸ ಬಿಟ್ಟು ದೇವದುರ್ಗದ ತಂಗಿಯ ಮನೆ ಸೇರಿದಳು. ನಾನೂ ತಾಯಮ್ಮನೂ ಬಸ್ಸು ಹಿಡಿದು ಹೋದೆವು. ಗೋಡೆಗೆ ಒರಗಿ ಕೂತಿದ್ದಳು, ಉಸಿರಿಗೂ ಕಷ್ಟಪಡುತ್ತಿದ್ದಳು. ಅದೇ ಕೊನೆಯ ಭೇಟಿ.

"ನಮ್ಮನ್ನೆಲ್ಲ ಕಳಿಸಿದಿ, ನೀ ಯಾಕ ಹೋಗಲಿಲ್ಲಬೇ?" ಎಂದು ತಾಯಮ್ಮ ಅತ್ತಳು.

ದ್ಯಾವಮ್ಮ ಉಸಿರು ಎಳೆದುಕೊಂಡು ಅಂದಳು:

"ನನಗ ಭಾಳ ಅಂಜಿಕಿ ಇತ್ತು. ಯಾರರ ಕೈ ಹಿಡದು ಎಳೀತೀರೇನಂತ ದಾರಿ ನೋಡಿದೆ. ತಡೀರಿ ಅಂದೆ, ನೀವು ತಡದಬಿಟ್ರಿ."